85 ಸೆಂಟಿಮೀಟರಿನ ಅತಿಥಿ

ಬೇಸಿಗೆ ರಜೆ ಬಂತು, ಮನೆಮಂದಿಯೆಲ್ಲ ಥೀಮ್ ಪಾರ್ಕಿಗೆ ಹೊರಟರು. ಮಡಿಲಲ್ಲಿ ಎರಡು ವರ್ಷದ ಪುಟಾಣಿಯೂ ಇದೆ. ಟಿಕೆಟ್ ಬೇಡದ ಈ ಅತಿಥಿಗೆ ಅಲ್ಲಿ ದಕ್ಕುವುದೇನು? ನೆನಪಿನಲ್ಲಿ ಉಳಿಯುವುದೆಷ್ಟು? ಒಂದು ದಿನವನ್ನು ಅದರ ಅಳತೆಗೆ ಹೊಲಿಯುವುದು ಹೇಗೆ?

ಮೈಸೂರು ರಸ್ತೆ, ಬಿಡದಿ. ವಂಡರ್‌ಲಾದ ಹೊರಗೆ ಏಪ್ರಿಲ್ ಬಿಸಿಲು ಬೆಳಗ್ಗೆಯೇ ಚುರುಗುಟ್ಟುತ್ತಿದೆ. ದಾರಿಯಲ್ಲಿ ತಟ್ಟೆ ಇಡ್ಲಿ ಮುಗಿಸಿ ಬಂದ ಸಂಸಾರವೊಂದು ಟಿಕೆಟ್ ತೆಗೆಯುವ ಮೊದಲು ಮಗಳ ಎತ್ತರ ನೋಡಲು ನಿಂತಿದೆ. ಅಪ್ಪ ಚಪ್ಪಲಿ ಬಿಚ್ಚಿಸಿ ಅಳತೆಗೋಲಿಗೆ ಒರಗಿಸಿದರೆ ಮಗಳು ಕುಕ್ಕರಗಾಲಲ್ಲಿ ಕೂತೇಬಿಟ್ಟಳು. ನೆಲದ ಮೇಲೆ ಇರುವೆ ಸಾಲು ಹೊರಟಿತ್ತು.

“ನೆಟ್ಟಗೆ ನಿಂತ್ಕೋ ಚಿನ್ನಾ, ಒಂದೇ ನಿಮಿಷ” ಎಂದು ಅಮ್ಮ. “ಇರ್ಲಿ ಬಿಡೇ, ನೋಡ್ಕೊಳ್ಳಲಿ. ಇರುವೆ ಅಂದ್ರೆ ಪ್ರಾಣ ಅವಳಿಗೆ” ಎಂದು ಅಜ್ಜಿ. ಮೂರನೇ ಕ್ಲಾಸು ಮುಗಿಸಿದ ಅಣ್ಣನಿಗೆ ಮಾತ್ರ ತಡೆಯಲಾಗುತ್ತಿಲ್ಲ. ಗೇಟಿನಾಚೆ ಕಿರುಚಾಟ ಕೇಳಿದಾಗಲೆಲ್ಲ ಅಪ್ಪನ ಕೈ ಜಗ್ಗುತ್ತಾನೆ. ಕೂಸಿನ ಪಾಲಿನ ಪಾರ್ಕು ಆಗಲೇ ಶುರುವಾಗಿದೆ ಎಂಬುದು ಅಜ್ಜಿಯೊಬ್ಬರಿಗೇ ಗೊತ್ತಿರುವಂತಿತ್ತು.

ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಗಿಡ್ಡ ಇರುವ ಮಗುವಿಗೆ ಪ್ರವೇಶ ಉಚಿತ. ಅಲ್ಲಿಂದ 140 ಸೆಂಟಿಮೀಟರ್‌ವರೆಗೆ ಮಕ್ಕಳ ಟಿಕೆಟ್. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಎರಡು ತುಂಬಿದ ಹುಡುಗಿಯ ನಡುಮಟ್ಟದ ಎತ್ತರ 85.7 ಸೆಂಟಿಮೀಟರ್, ಹುಡುಗನದು 87.1. ಅಂದರೆ ಈ ಗೆರೆ ಹೆಚ್ಚುಕಡಿಮೆ ಎರಡನೇ ಹುಟ್ಟುಹಬ್ಬದ ಗೆರೆಯೇ.

ರಜೆ ಅಣ್ಣನದು. ಎರಡು ವರ್ಷದ ಕೂಸಿಗೆ ಶಾಲೆಯೇ ಇಲ್ಲ, ರಜೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಪುಟಾಣಿಗಳ ಮೊದಲ ಥೀಮ್ ಪಾರ್ಕ್ ಪ್ರವಾಸ ಬಹುಪಾಲು ಹೀಗೇ ಆಗುತ್ತದೆ. ದೊಡ್ಡ ಮಗುವಿಗಾಗಿ, ಊರಿಂದ ಬಂದ ಅತ್ತೆ ಮಕ್ಕಳಿಗಾಗಿ ಹೊರಟ ಗಾಡಿಯಲ್ಲಿ ಚಿಕ್ಕದೂ ಹತ್ತಿಕೊಳ್ಳುತ್ತದೆ. ಸಂಜೆ ರಚ್ಚೆ ಹಿಡಿದ ಮಗುವನ್ನು ಎತ್ತಿಕೊಂಡು ಪಾರ್ಕಿಂಗ್ ಕಡೆ ನಡೆಯುವಾಗ ಯಾರಾದರೊಬ್ಬರು ಅಂದೇ ಅನ್ನುತ್ತಾರೆ: “ಇಷ್ಟು ಚಿಕ್ಕದನ್ನ ಕರ್ಕೊಂಡು ಬರಬಾರದಿತ್ತು.”

ಆ ಮಾತನ್ನು ನಾನು ಒಪ್ಪುವುದಿಲ್ಲ. ಧಾರಾಳವಾಗಿ ಕರೆದೊಯ್ಯಬಹುದು. ಆದರೆ ಆ ದಿನದ ಯಜಮಾನಿಕೆಯನ್ನು ಮಗುವಿಗೆ ಬಿಟ್ಟುಕೊಡಬೇಕು.

ಬೆಂಚಿನ ಮೇಲೆ ಕೂತ ಅಪ್ಪ

ಜಗದ್ವಿಖ್ಯಾತ ಥೀಮ್ ಪಾರ್ಕೊಂದರ ಕಲ್ಪನೆ ಮೂಡಿದ್ದೇ ಚಿಕ್ಕ ಮಕ್ಕಳ ತಂದೆಯೊಬ್ಬನ ಬೇಸರದಲ್ಲಿ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಮರದ ಕುದುರೆಗಳು ಸುತ್ತುವ ಮೆರ್ರಿ-ಗೋ-ರೌಂಡ್ ಒಂದಿದೆ. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳಾದ ಡಯಾನ್, ಶ್ಯಾರನ್ ಅವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ಮಕ್ಕಳು ಕುದುರೆ ಮೇಲೆ, ಅಪ್ಪ ಬೆಂಚಿನ ಮೇಲೆ, ಕೈಯಲ್ಲಿ ಕಡಲೆಕಾಯಿ. ಹೆತ್ತವರೂ ಮಕ್ಕಳೂ ಕೂಡಿ ಖುಷಿಪಡುವ ಜಾಗವೊಂದು ಏಕಿರಬಾರದು ಎಂಬ ಯೋಚನೆ ಅಲ್ಲೇ ಹುಟ್ಟಿತು ಎಂದು ಅವನೇ ಮುಂದೆ ಹೇಳಿಕೊಂಡ.

ಆ ಯೋಚನೆ 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮಿನಲ್ಲಿ ಡಿಸ್ನಿಲ್ಯಾಂಡ್ ಆಗಿ ಬಾಗಿಲು ತೆರೆಯಿತು. ಮೊದಲ ದಿನ ಸುಡು ಬಿಸಿಲು. ಆಗಷ್ಟೇ ಹಾಕಿದ್ದ ಡಾಂಬರು ಮೆತ್ತಗಾಗಿ ಹೆಂಗಸರ ಎತ್ತರದ ಹಿಮ್ಮಡಿಗಳು ಹೂತುಹೋದವು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿ, ಶೌಚಾಲಯ ಎರಡನ್ನೂ ಮುಗಿಸುವಷ್ಟು ಸಮಯ ಇರಲಿಲ್ಲ. ಡಿಸ್ನಿ ಶೌಚಾಲಯವನ್ನು ಆರಿಸಿಕೊಂಡ. ಜನ ನೀರಿಗಾಗಿ ಒದ್ದಾಡಿ ಬೈದುಕೊಂಡರು. ನೆರಳು, ನೀರು, ಶೌಚಾಲಯ ಈ ಮೂರೇ ಪಾರ್ಕಿನ ಜೀವಾಳ ಎಂಬ ಪಾಠ ಅಂದೇ ಸಿಕ್ಕಿತು. ಎರಡು ವರ್ಷದ ಮಗುವಿನ ತಾಯಿಯನ್ನು ಕೇಳಿದ್ದರೆ ಅದಕ್ಕೂ ಮೊದಲೇ ಹೇಳುತ್ತಿದ್ದಳು.

ನಮ್ಮ ದೇಶದಲ್ಲಿ ಈ ಗಾಳಿ ಬೀಸಿದ್ದು ಎಂಬತ್ತರ ದಶಕದಲ್ಲಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರಲ್ಲಿ 1984ರಲ್ಲಿ ಪ್ರಗತಿ ಮೈದಾನದ ಬಳಿ ಅಪ್ಪು ಘರ್ ಬಂತು. 1989ರಲ್ಲಿ ಮುಂಬೈಗೆ ಎಸ್ಸೆಲ್ ವರ್ಲ್ಡ್. ವಿ-ಗಾರ್ಡ್ ಸ್ಟೆಬಿಲೈಸರ್ ತಯಾರಿಸುತ್ತಿದ್ದ ಕೊಚೌಸೆಫ್ ಚಿಟ್ಟಿಲಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಕಟ್ಟಿದರು. ಐದು ವರ್ಷಕ್ಕೆ ಬಿಡದಿಯಲ್ಲಿ ವಂಡರ್‌ಲಾ ಎದ್ದಿತು.

ಅದಕ್ಕೂ ಮುಂಚೆ ಕನ್ನಡದ ಮಕ್ಕಳು ತೊಟ್ಟಿಲು ಹತ್ತಿದ್ದು ಊರ ಜಾತ್ರೆಯಲ್ಲಿ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ. ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಪುಟಾಣಿ ಎಕ್ಸ್‌ಪ್ರೆಸ್ ರೈಲಿತ್ತು, ಈಗಲೂ ಮಕ್ಕಳ ಬಾಯಲ್ಲಿದೆ. ಜಾತ್ರೆಗೆ ದಿನದ ಟಿಕೆಟ್ ಇರಲಿಲ್ಲ. ಅಪ್ಪನ ಹೆಗಲ ಮೇಲೆ ಕೂತ ಮಗು ತೇರು ನೋಡಿತು, ಒಂದು ಪೀಪಿ ಊದಿತು, ಬತ್ತಾಸು ಚೀಪಿತು, ನಿದ್ದೆ ಬಂದರೆ ಗಾಡಿಯ ನೆರಳಿನಲ್ಲಿ ಅಜ್ಜಿಯ ತೊಡೆ ಮೇಲೆ ಮಲಗಿತು. ಸಾಕೆನಿಸಿದಾಗ ಮನೆ.

ಥೀಮ್ ಪಾರ್ಕಿನ ದೊಡ್ಡ ತೊಡಕು ಆ ದಿನದ ಟಿಕೆಟ್. ಅಷ್ಟು ದುಡ್ಡು ತೆತ್ತ ಮೇಲೆ ವಸೂಲಾಗಬೇಕು ಎಂಬ ಹಟ ದೊಡ್ಡವರಿಗೆ ಸಹಜ. ಆದರೆ ಕೂಸಿಗೆ ನಾವು ಏನೂ ತೆತ್ತಿಲ್ಲ. ಅದರ ಹೆಸರಿನಲ್ಲಿ ವಸೂಲಿ ಮಾಡಬೇಕಾದ್ದೂ ಏನಿಲ್ಲ.

ಆಟಿಕೆ ಕಾರಿನೊಳಗೆ ಕಾಲು

ಪುಟಾಣಿಗೆ ಈ ಜಾಗ ಹೇಗೆ ಕಾಣುತ್ತದೆ? ಇದಕ್ಕೆ ಹತ್ತಿರದ ಉತ್ತರವನ್ನು ಅಮೆರಿಕದ ಮನೋವಿಜ್ಞಾನಿ ಜೂಡಿ ಡಿಲೋಷ್ ಅವರ ಪ್ರಯೋಗಗಳು ಕೊಡುತ್ತವೆ.

2004ರಲ್ಲಿ ಅವರ ತಂಡ ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳನ್ನು ಒಂದು ಕೋಣೆಗೆ ಬಿಟ್ಟಿತು. ಅಲ್ಲಿ ಮಕ್ಕಳು ಹತ್ತಿ ಕೂರುವಂಥ ಕಾರು, ಜಾರುಬಂಡೆ, ಕುರ್ಚಿ. ಮಕ್ಕಳು ಮನಸಾರೆ ಆಡಿದ ಮೇಲೆ ಅವನ್ನು ತೆಗೆದು, ಅದೇ ರೂಪದ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಆಟಿಕೆಗಳನ್ನು ಇಟ್ಟರು. ಎಷ್ಟೋ ಮಕ್ಕಳು ಆ ಆಟಿಕೆ ಕಾರಿನ ಬಾಗಿಲು ತೆರೆದು ಪಾದ ತೂರಿಸಲು ನೋಡಿದವು. ಪುಟ್ಟ ಜಾರುಬಂಡೆಯ ಮೇಲೆ ಕೂತು ಜಾರಲು ಹೋದವು. ತಮಾಷೆಗಲ್ಲ, ನಿಜವಾಗಿ. ತನ್ನ ಮೈ ಎಷ್ಟು ದೊಡ್ಡದು, ಎದುರಿನ ವಸ್ತು ಎಷ್ಟು ದೊಡ್ಡದು ಎಂಬ ಲೆಕ್ಕ ಆ ವಯಸ್ಸಿನಲ್ಲಿ ಇನ್ನೂ ಕೂಡಿಬಂದಿರುವುದಿಲ್ಲ.

ಅವರ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಇಷ್ಟ. ಕೋಣೆಯೊಂದರ ಪುಟ್ಟ ಮಾದರಿ ಮಾಡಿ, ಅದರಲ್ಲಿ ಪುಟ್ಟ ಗೊಂಬೆಯನ್ನು ಸೋಫಾ ಹಿಂದೆ ಅಡಗಿಸಿ ಮಗುವಿಗೆ ತೋರಿಸುವುದು. ನಿಜವಾದ ಕೋಣೆಯಲ್ಲಿ ದೊಡ್ಡ ಗೊಂಬೆಯೂ ಅಂಥದೇ ಜಾಗದಲ್ಲಿದೆ, ಹುಡುಕು ಎನ್ನುವುದು. ಮೂರು ವರ್ಷದ ಮಗು ನೇರವಾಗಿ ಸೋಫಾ ಹಿಂದೆ ಹೋಗುತ್ತದೆ. ಎರಡೂವರೆಯ ಮಗುವಿಗೆ ಆಗುವುದಿಲ್ಲ. ಒಂದು ವಸ್ತು ಇನ್ನೊಂದನ್ನು ಸೂಚಿಸುತ್ತದೆ ಎಂಬುದು ಅದಕ್ಕೆ ಹೊಳೆಯದು. ಆದರೆ ಒಂದು ಯಂತ್ರ ತೋರಿಸಿ, “ಇದು ಕೋಣೆಯನ್ನೇ ಕುಗ್ಗಿಸಿಬಿಟ್ಟಿತು” ಎಂದು ನಂಬಿಸಿದಾಗ ಅದೇ ಎರಡೂವರೆಯ ಮಕ್ಕಳು ಗೊಂಬೆಯನ್ನು ಹುಡುಕಿಬಿಟ್ಟವು! ಸಂಕೇತ ಅರ್ಥವಾಗದ ಮಗುವಿಗೆ ಪವಾಡ ಮಾತ್ರ ಸಲೀಸಾಗಿ ಅರ್ಥವಾಯಿತು.

ಥೀಮ್ ಪಾರ್ಕು ನಿಂತಿರುವುದೇ ಸೋಗಿನ ಮೇಲೆ. ಇದು ಕಾಡು, ಇದು ಕಡಲ್ಗಳ್ಳರ ಹಡಗು ಎಂದು ನಾವು ಓದಿಕೊಳ್ಳುತ್ತೇವೆ. ಎರಡರ ಕೂಸು ಓದುವುದಿಲ್ಲ. ಅದಕ್ಕೆ ಹಡಗೂ ನಿಜ, ಹಡಗಿನ ಕೆಳಗಿನ ಕೊಚ್ಚೆಯೂ ನಿಜ. ಕಾರಂಜಿ, ಕಸದ ಡಬ್ಬಿಯ ತಿರುಗುವ ಮುಚ್ಚಳ, ಪಾರಿವಾಳ, ಮಂಜು ಚಿಮುಕಿಸುವ ಫ್ಯಾನು ಎಲ್ಲವೂ ಒಂದೇ ತೂಕದ ಅಚ್ಚರಿ. ಹಾಗಾಗಿ “ಇಷ್ಟು ದೂರ ಬಂದು ನಲ್ಲಿ ನೀರಲ್ಲಿ ಆಡ್ತಿದ್ದಾಳಲ್ಲ” ಎಂದು ಸಂಕಟಪಡಬೇಡಿ. ಅವಳು ಪಾರ್ಕಿನಲ್ಲೇ ಇದ್ದಾಳೆ.

ಆರಡಿ ಎತ್ತರದ ಕರಡಿ ವೇಷಧಾರಿ ಕೈ ಚಾಚಿ ಬಂದಾಗ ಮಗು ಚೀರಿ ಅಪ್ಪನ ಕತ್ತಿಗೆ ಜೋತುಬೀಳುವುದೂ ಇದೇ ಕಾರಣಕ್ಕೆ. ಒಳಗೆ ಮನುಷ್ಯನಿದ್ದಾನೆ ಎಂದು ಅದಕ್ಕೆ ತಿಳಿಯದು. ಫೋಟೊಗಾಗಿ ಒತ್ತಾಯಿಸಿ ನಿಲ್ಲಿಸುವುದು ದಯವಿಟ್ಟು ಬೇಡ. ಹತ್ತು ಹೆಜ್ಜೆ ದೂರದಿಂದ ಕೈ ಬೀಸಿದರೆ ಸಾಕು. ಬೇಕೆನಿಸಿದರೆ ತಾನೇ ಹತ್ತಿರ ಹೋಗುತ್ತದೆ.

▌ಬಾಕ್ಸ್: ರೈಡುಗಳಿಗೆ ಎತ್ತರದ ಗೆರೆ ಏಕಿದೆ?
ಎರಡು ವರ್ಷದ ಮಗುವಿನ ತಲೆ ಅದರ ಎತ್ತರದ ಸುಮಾರು ಐದನೇ ಒಂದು ಭಾಗ. ಕತ್ತಿನ ಸ್ನಾಯು ಇನ್ನೂ ಎಳೆಯದು. ಪಕ್ಕದಲ್ಲಿ ಕೂತ ದೊಡ್ಡವರ ತೊಡೆಗೆ ತಾಗಿ ನಿಲ್ಲುವ ಕಂಬಿ ಮಗುವಿನ ತೊಡೆಯ ಮೇಲೆ ತೆರಪು ಬಿಡುತ್ತದೆ, ಜಾರಿಬೀಳಲು ಅಷ್ಟು ಸಾಕು. “ಸ್ವಲ್ಪವೇ ಕಮ್ಮಿ ಇದೆ, ಬಿಡಿ ಸಾರ್” ಎಂದು ಸಿಬ್ಬಂದಿಯ ಮೇಲೆ ಒತ್ತಡ ಹೇರುವುದು ಮಗುವಿನ ಜೀವದೊಡನೆ ಆಡಿದಂತೆ. ತೊಡೆ ಮೇಲೆ ಕೂರಿಸಿಕೊಂಡರೂ ರಕ್ಷಣೆ ಸಿಗದು. ರೈಡು ಕುಲುಕಿದರೆ ಯಾವ ತೋಳೂ ತಡೆಯಲಾರದು.

ನಿದ್ದೆಯ ಗಡಿಯಾರ

ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು, ನಾಲ್ಕರ ಮಕ್ಕಳಿಗೆ 10ರಿಂದ 13. ಮಧ್ಯಾಹ್ನದ ನಿದ್ದೆಯೂ ಈ ಲೆಕ್ಕದಲ್ಲಿದೆ. ಪಾರ್ಕು ರಂಗೇರುವುದು ಸರಿಯಾಗಿ ಆ ನಿದ್ದೆಯ ಹೊತ್ತಿಗೇ.

ಆದ್ದರಿಂದ ದಿನವನ್ನು ಎರಡಾಗಿ ಸೀಳಿ. ಗೇಟು ತೆರೆದಾಗ ಒಳಗಿರಿ. ಮೊದಲ ಒಂದೂವರೆ ಗಂಟೆ ಪುಟಾಣಿಗೆ: ಮರದ ಕುದುರೆ, ಪುಟ್ಟ ರೈಲು, ಮೆಲ್ಲಗೆ ಏರಿಳಿಯುವ ಆನೆಯೋ ವಿಮಾನವೋ. ಸಾಲು ಚಿಕ್ಕದಿರುತ್ತದೆ, ಬಿಸಿಲೂ ಮಧ್ಯಾಹ್ನದಷ್ಟು ಏರಿರುವುದಿಲ್ಲ. ಮಗು “ಇನ್ನೊಂದ್ಸಲ” ಎಂದರೆ ಅದೇ ಕುದುರೆಯ ಮೇಲೆ ಮತ್ತೆ ಕೂರಿಸಿ. ಹೊಸ ರೈಡು ತೋರಿಸುವ ಆತುರ ನಮ್ಮದು. ಕಂಡದ್ದನ್ನೇ ಮತ್ತೆ ಕಾಣುವುದು ಆ ವಯಸ್ಸಿನ ದೊಡ್ಡ ಸುಖ. ಸುತ್ತಿದರೆ ವಾಂತಿಯಾದೀತೆಂದು ಹೆದರುವವರಿಗೆ ಒಂದು ಸಮಾಧಾನ: ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಕರಿಕೆ ಅಪರೂಪ.

ಊಟದ ಹೊತ್ತಿಗೆ ಒಬ್ಬರು ಮಗುವಿನೊಂದಿಗೆ ತಂಪಾದ, ಸದ್ದಿಲ್ಲದ ಮೂಲೆ ಹಿಡಿಯಲಿ. ಉಳಿದವರು ದೊಡ್ಡ ಮಗುವಿನ ಜತೆ ಎತ್ತರದ ರೈಡುಗಳಿಗೆ ಹೋಗಲಿ. ಆಮೇಲೆ ಪಾಳಿ ಬದಲಿಸಿ. ಆದರೆ ಪ್ರತಿ ಸಲವೂ ಅಜ್ಜಿಯನ್ನೇ ಚೀಲ ಕಾಯಲು, ಮಗು ಕಾಯಲು ಕೂರಿಸಬೇಡಿ. ಅವರಿಗೂ ಅದು ಮೊದಲ ಸಲವೇ ಇರಬಹುದು.

ಡಿಸ್ನಿಯ ಪಾರ್ಕುಗಳು ಈ ಪಾಳಿಗೇ ಒಂದು ವ್ಯವಸ್ಥೆ ಮಾಡಿವೆ. ಒಬ್ಬರು ಕೂಸಿನ ಬಳಿ ನಿಂತರೆ, ರೈಡಿಗೆ ಹೋದವರು ಮರಳಿದ ಮೇಲೆ ಕಾಯುತ್ತಿದ್ದವರು ಪೂರ್ತಿ ಕ್ಯೂ ನಿಲ್ಲದೆ ರೈಡಿಗೆ ಹೋಗಬಹುದು. ಮೂರು ತುಂಬದ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ. ಹಾಲೂಡಿಸಲು, ಡೈಪರ್ ಬದಲಿಸಲು, ಮಗುವಿನ ಊಟ ಬಿಸಿ ಮಾಡಲು ಪ್ರತ್ಯೇಕ ಕೇಂದ್ರಗಳಿವೆ. ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 2012ರಲ್ಲಿ ಹಾರುವ ಆನೆ ಡಂಬೋ ರೈಡಿನ ಕ್ಯೂ ಇರುವಲ್ಲೇ ಒಂದು ಆಟದ ಡೇರೆ ಕಟ್ಟಿದರು. ಅಪ್ಪ ಅಮ್ಮನ ಕೈಗೆ ಪೇಜರ್ ಕೊಟ್ಟು ಮಕ್ಕಳನ್ನು ಆಡಲು ಬಿಟ್ಟರು, ಸರದಿ ಬಂದಾಗ ಪೇಜರ್ ಕರೆಯುತ್ತಿತ್ತು. ಕ್ಯೂ ಎಂಬುದು ಚಿಕ್ಕ ಮಕ್ಕಳಿಗೆ ಶಿಕ್ಷೆ ಎಂದು ಒಪ್ಪಿಕೊಂಡವರು ಮಾಡಿದ ಕೆಲಸ ಅದು. ಮೊಮ್ಮಗುವನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮ ಅಜ್ಜ ಅಜ್ಜಿಯರು ಈ ಪಾರ್ಕುಗಳಿಗೆ ಹೊರಡುವ ಮುನ್ನ ಇಷ್ಟನ್ನು ಮಗ ಸೊಸೆಯ ಬಳಿ ಕೇಳಿ ತಿಳಿದುಕೊಂಡರೆ ಕಾಲುನೋವು ಅರ್ಧ ಕಡಿಮೆಯಾದೀತು.

ಬಿಸಿಲಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು, ಬೆವರುವುದು ಕಡಿಮೆ. ಮೈ ಬೇಗ ಕಾಯುತ್ತದೆ. ಬಾಯಾರಿಕೆ ಎಂದು ಹೇಳಲು ಮಾತು ತೋಚದೇ ಇರಬಹುದು. ತಳ್ಳುಗಾಡಿಗೆ ದುಪಟ್ಟಾ ಹೊದಿಸಿ ನೆರಳು ಮಾಡಿದೆವು ಎಂದುಕೊಳ್ಳುವವರಿದ್ದಾರೆ. ಗಾಳಿಯಾಡದೆ ಒಳಗೆ ಇನ್ನಷ್ಟು ಕಾವೇರುತ್ತದೆ. ಡೈಪರ್ ಬಹಳ ಹೊತ್ತು ಒಣಗಿಯೇ ಇದ್ದರೆ, ಮಗು ಮಂಕಾದರೆ, ಅಳುವಾಗ ಕಣ್ಣೀರೇ ಬಾರದಿದ್ದರೆ ಆ ದಿನದ ಪಾರ್ಕು ಅಲ್ಲಿಗೆ ಮುಗಿಯಿತು. ನೇರ ವೈದ್ಯರ ಬಳಿ ಹೋಗಿ.

▌ಬಾಕ್ಸ್: ನೀರಿಗಿಳಿಯುವ ಮುನ್ನ
ಪುಟ್ಟ ಮಕ್ಕಳು ಗೇಣುದ್ದ ನೀರಿನಲ್ಲೂ ಮುಳುಗಬಹುದು, ಅದೂ ಸದ್ದಿಲ್ಲದೆ. ಕಾವಲುಗಾರರಿದ್ದರೂ ಮಗು ಸದಾ ನಿಮ್ಮ ಕೈಗೆ ಎಟಕುವಷ್ಟು ಹತ್ತಿರದಲ್ಲಿರಲಿ, ಮೊಬೈಲ್ ಚೀಲದಲ್ಲಿರಲಿ. ತುಟಿ ನೀಲಿಗಟ್ಟಿದರೆ, ನಡುಗಿದರೆ ಕೂಡಲೇ ಮೇಲೆತ್ತಿ ಒರೆಸಿ. ಸಾಮಾನ್ಯ ಡೈಪರ್ ನೀರಲ್ಲಿ ಉಬ್ಬಿ ಜಗ್ಗುತ್ತದೆ, ಈಜಿಗೆಂದೇ ಬೇರೆ ಡೈಪರ್ ಸಿಗುತ್ತದೆ. ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸಲೇಬೇಡಿ. ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಕ್ಲೋರಿನ್ ನೀರಲ್ಲೂ ದಿನಗಟ್ಟಲೆ ಬದುಕಿ ಇತರ ಮಕ್ಕಳಿಗೆ ಹರಡುತ್ತದೆ.

▌ಬಾಕ್ಸ್: ಚೀಲದಲ್ಲಿ
ಎರಡು ಜತೆ ಬಟ್ಟೆ, ಅಗಲ ಅಂಚಿನ ಟೋಪಿ, ಮನೆಯಲ್ಲಿ ತಬ್ಬಿ ಮಲಗುವ ಅದೇ ಹಳೆಯ ಹೊದಿಕೆ. ಸದ್ದಿಗೆ ಬೆಚ್ಚುವ ಮಗುವಾದರೆ ಕಿವಿ ಮುಚ್ಚುವ ಮಫ್. ಕಿವಿಯ ನಾಳ ಚಿಕ್ಕದಾದ್ದರಿಂದ ಅದೇ ಸದ್ದು ಅದಕ್ಕೆ ಹೆಚ್ಚು ಜೋರು. ಹೊರಗಿನ ತಿಂಡಿಗೆ ಪಾರ್ಕುಗಳಲ್ಲಿ ತಡೆಯಿರುವುದು ಸಾಮಾನ್ಯ, ಮಗುವಿನ ಆಹಾರದ ಬಗ್ಗೆ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಮಗುವಿನ ಮಣಿಕಟ್ಟಿಗೆ ನಿಮ್ಮ ಫೋನ್ ನಂಬರಿನ ಪಟ್ಟಿ ಕಟ್ಟಿ. ಒಳಹೋಗುವ ಮುನ್ನ ಅವತ್ತಿನ ಬಟ್ಟೆಯಲ್ಲೇ ಒಂದು ಫೋಟೊ ತೆಗೆದಿಡಿ. ಕೈತಪ್ಪಿದರೆ ಹುಡುಕುವವರಿಗೆ ತೋರಿಸಲು ಅದೇ ಆಧಾರ.

ನೆನಪಿರುತ್ತದೆಯೇ?

“ಇದಕ್ಕೆ ಏನು ನೆನಪಿರುತ್ತೆ?” ಎಂಬ ಪ್ರಶ್ನೆಯನ್ನು ಎದುರಿಸದೆ ಯಾವ ತಾಯಿಯೂ ಕೂಸನ್ನು ಪ್ರವಾಸಕ್ಕೆ ಹೊರಡಿಸಲಾರಳು.

ದೊಡ್ಡವರಾದ ಮೇಲೆ ನಮಗೆ ಮೊದಲ ಎರಡು, ಮೂರು ವರ್ಷಗಳ ನೆನಪು ಉಳಿದಿರುವುದಿಲ್ಲ ಎಂಬುದು ನಿಜ. ಟೊರಾಂಟೊದ ಮಕ್ಕಳ ಆಸ್ಪತ್ರೆಯ ವಿಜ್ಞಾನಿಗಳು 2014ರಲ್ಲಿ ಇಲಿಗಳಲ್ಲಿ ಇದಕ್ಕೊಂದು ಕಾರಣ ಕಂಡರು. ಎಳೆಯ ಮಿದುಳಿನ ನೆನಪಿನ ಭಾಗದಲ್ಲಿ ಹೊಸ ನರಕೋಶಗಳು ಭರದಿಂದ ಹುಟ್ಟುತ್ತಿರುತ್ತವೆ, ಆ ಭರದಲ್ಲಿ ಹಳೆಯ ನೆನಪಿನ ಹೆಣಿಗೆ ಸಡಿಲಾಗುತ್ತದೆ.

ಹಾಗೆಂದು ಮಗು ಆಗಿಂದಾಗಲೇ ಮರೆಯುತ್ತದೆ ಎಂದಲ್ಲ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾರೊಲಿನ್ ರೋವಿ-ಕೊಲಿಯರ್ ಮತ್ತು ಅವರ ಸಂಗಡಿಗರು ಮಕ್ಕಳ ಮುಂದೆ ಒಂದು ಆಟಿಕೆ ರೈಲು ಇಟ್ಟರು. ಸನ್ನೆಕೋಲು ಒತ್ತಿದರೆ ರೈಲು ಓಡುತ್ತದೆ. ಒಂದೂವರೆ ವರ್ಷದ ಮಗು ಆ ಗುಟ್ಟನ್ನು ಸುಮಾರು 13 ವಾರ ನೆನಪಿಟ್ಟುಕೊಂಡಿತು. ಏಪ್ರಿಲಿನಲ್ಲಿ ಹತ್ತಿದ ಪುಟ್ಟ ರೈಲು ಜುಲೈವರೆಗೂ ಮಗುವಿನೊಳಗೆ ಓಡುತ್ತಿರಬಹುದು ಎಂದು ಧೈರ್ಯವಾಗಿ ನಂಬಲು ಇಷ್ಟು ಸಾಕು.

ಅದಕ್ಕಿಂತ ಮುಂದಕ್ಕೆ ಒಯ್ಯುವುದು ನಮ್ಮ ಮಾತು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ತಾಯಂದಿರು ಪುಟ್ಟ ಮಕ್ಕಳೊಡನೆ ಕಳೆದುಹೋದ ದಿನಗಳ ಬಗ್ಗೆ ಹೇಗೆ ಮಾತಾಡುತ್ತಾರೆ ಎಂಬುದನ್ನು ದಾಖಲಿಸಿ, ಅದೇ ಮಕ್ಕಳು ಹನ್ನೆರಡು, ಹದಿಮೂರು ತಲುಪಿದಾಗ ಮತ್ತೆ ಮಾತಾಡಿಸಿದರು. ವಿವರ ಸೇರಿಸಿ, ಪ್ರಶ್ನೆ ಕೇಳಿ ಮಾತಾಡುತ್ತಿದ್ದ ತಾಯಂದಿರ ಮಕ್ಕಳಿಗೆ ಹೆಚ್ಚು ಎಳೆಯ ವಯಸ್ಸಿನ ನೆನಪುಗಳಿದ್ದವು. ಅದೇ ನಾಡಿನ ಇನ್ನೊಂದು ಅಧ್ಯಯನದಲ್ಲಿ ಮಾವೊರಿ ಜನರ ಮೊದಲ ನೆನಪಿನ ಸರಾಸರಿ ವಯಸ್ಸು ಎರಡೂಮುಕ್ಕಾಲು ವರ್ಷದ ಆಸುಪಾಸು, ಹೋಲಿಸಿದ ಇತರರಿಗಿಂತ ಬೇಗ. ಹಿರಿಯರ ಕತೆ, ಕುಲದ ಕತೆಗಳನ್ನು ಬಾಯಿಂದ ಬಾಯಿಗೆ ದಾಟಿಸುವ ಸಂಸ್ಕೃತಿ ಅವರದು.

ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರಾತ್ರಿ ಕಲಸಿದ ಮೊಸರನ್ನದ ತುತ್ತು ಇಡುತ್ತ, “ಕುದುರೆ ಮೇಲೆ ಕೂತಾಗ ಯಾರು ನಕ್ಕಿದ್ದು? ಆಮೇಲೆ ಕರಡಿ ಬಂತಲ್ಲ, ಏನು ಮಾಡ್ತು?” ಎಂದು ಕೇಳಿ. ಮಗು ಎರಡೇ ಪದದಲ್ಲಿ ಉತ್ತರ ಕೊಟ್ಟರೂ ಅದನ್ನು ಹಿಗ್ಗಿಸಿ ಹೇಳಿ. ವಾರ ಬಿಟ್ಟು ಮತ್ತೆ ಕೇಳಿ. ಮೊಬೈಲಿನಲ್ಲಿ ಹೂತುಹೋಗುವ ಮುನ್ನೂರು ಫೋಟೊಗಳ ಬದಲು ನಾಲ್ಕನ್ನು ತೊಳೆಸಿ ಗೋಡೆಗೆ ಹಚ್ಚಿ. ಬಿಡದಿಯಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಚನ್ನಪಟ್ಟಣ. ಅಲ್ಲಿ ಅರಗಿನ ಬಣ್ಣದ ಮರದ ಕುದುರೆಯೊಂದು ಸಿಗುತ್ತದೆ. ಪಾರ್ಕಿನ ಪ್ಲಾಸ್ಟಿಕ್ ಗೊಂಬೆಗಿಂತ ಅದು ಒಳ್ಳೆಯ ಗುರುತು, ಆ ಊರಿನ ಕುಶಲಕರ್ಮಿಗೂ ಕೂಲಿ.

ನಮ್ಮ ಪಾರ್ಕಿನವರಿಗೆ ನನ್ನದೊಂದು ಕಳಕಳಿಯ ಮನವಿ. 85 ಸೆಂಟಿಮೀಟರ್ ಮುಟ್ಟದ ಅತಿಥಿಗೆ ಟಿಕೆಟ್ ಬೇಡವೆಂದು ಬಿಟ್ಟದ್ದು ಒಳ್ಳೆಯದೇ. ಇನ್ನಷ್ಟು ಮಾಡಿ: ಮಲಗಿಸಲು ಒಂದು ತಂಪು ಕೋಣೆ, ಪುಟ್ಟ ಕೈಗೆ ಎಟಕುವ ನಲ್ಲಿ, ಮಕ್ಕಳ ರೈಡುಗಳ ಬಳಿ ಇಳಿಸಿದ ಸಂಗೀತ, ಅಲ್ಲಿ ಕಾಯುವ ಸಾಲಿಗೆಲ್ಲ ನೆರಳು. ಕೂಸು ಸಂಭಾಳಿಸುವ ಅಪ್ಪ ಅಮ್ಮನಿಗೆ ಅರ್ಧ ದಿನದ ಅಗ್ಗದ ಟಿಕೆಟ್ಟೊಂದು ಬಂದರೆ, ವಸೂಲಿಯ ಹಟಕ್ಕೆ ಬಲಿಯಾಗುವ ಮಕ್ಕಳ ಸಂಜೆಗಳು ಎಷ್ಟೋ ಉಳಿದಾವು.

ಎರಡು ಸಲ ಹೋಗಲು ಸಾಧ್ಯವಿರುವ ಹೆತ್ತವರಿಗೆ ನನ್ನ ಸಲಹೆ ಇಷ್ಟೇ. ಈ ರಜೆಯಲ್ಲಿ ದೊಡ್ಡ ಮಗುವನ್ನು ಕರೆದೊಯ್ಯಿರಿ, ಚಿಕ್ಕದು ಅಜ್ಜಿಯ ಮನೆಯಲ್ಲಿರಲಿ. ಶಾಲೆಗಳು ಶುರುವಾಗಿ, ಮೊದಲ ಮಳೆ ಬಿದ್ದು, ಜೂನ್ ತಂಪಾದ ಮೇಲೆ ವಾರದ ನಡುವಿನ ಒಂದು ದಿನ ರಜೆ ಹಾಕಿ ಪುಟಾಣಿಯೊಂದಿಗೆ ಮತ್ತೆ ಹೋಗಿ. ಊಟದ ಹೊತ್ತಿಗೆ ಅದು “ಮನೆಗೆ” ಎಂದರೆ ಆ ಕ್ಷಣವೇ ಹೊರಟುಬಿಡಿ.